ನಮ್ಮತ್ತೆ ಬಟ್ಟಿ ತೆಗೆಯುವುದನ್ನು ಬಿಟ್ಟಿದ್ದು

ನಮ್ಮತ್ತೆ ಅಶ್ವತ್ಥಮ್ಮನವರು ಹುಟ್ಟುವಾಗ ಕಾಲು ಮುಂದಾಗಿ ಬಂದರಂತೆ. ನಮ್ಮ ಕಡೆ ಅದೂ ಒಂದು ಪದವಿಯೇ. ಮಿಕ್ಕವರು ಓದಿ, ಪಾಸಾಗಿ, ಪದವಿ ತಗೊಂಡರೆ ಇವರು ಹುಟ್ಟುತ್ತಲೇ ತಗೊಂಡು ಬಂದವರು. ಕಾಲು ಮುಂದಾಗಿ ಹುಟ್ಟಿದವರು ಸೊಂಟ ಉಳುಕಿದವರ ಬೆನ್ನಿಗೆ ಮೂರು ಸಲ ಒದ್ದರೆ ಉಳುಕು ಬಿಟ್ಟುಹೋಗುತ್ತದೆ ಎನ್ನುವುದು ಬೂದಿಕೋಟೆ ಸುತ್ತಿನ ಹಳ್ಳಿಗಳಲ್ಲಿ ಯಾರೂ ಹೇಳಿಕೊಡದೆ ಎಲ್ಲರಿಗೂ ಗೊತ್ತಿರುವ ವಿಷಯ. ಹಾಗಾಗಿ ನಮ್ಮತ್ತೆ ಲಂಗ ಹಾಕುವ ವಯಸ್ಸಿನಲ್ಲೇ ಊರಿನ ದೊಡ್ಡ ದೊಡ್ಡ ಗಂಡಸರನ್ನು ಒದ್ದವರು. ಒದೆಸಿಕೊಂಡವರು ಎದ್ದು, ಕೈಮುಗಿದು, ಎಲೆ ಅಡಿಕೆ ಕೊಟ್ಟು ಹೋಗುತ್ತಿದ್ದರು. ಇಂಥ ಬಾಲ್ಯ ಸಿಕ್ಕಿದ್ದರೆ ಯಾರಿಗೇ ಆಗಲಿ ತಮ್ಮ ಮೇಲೆ ನಂಬಿಕೆ ಸ್ವಲ್ಪ ಜಾಸ್ತಿಯೇ ಇರುತ್ತಿತ್ತು.

ಮದುವೆಯಾಗಿ ನಮ್ಮೂರಿಗೆ ಬಂದ ಮೇಲೆ ಒದೆಯುವುದನ್ನು ಕಡಿಮೆ ಮಾಡಿದರು. ಸೊಸೆಯಾಗಿ ಬಂದವಳು ಕಂಡಕಂಡವರನ್ನು ಒದ್ದರೆ ಚೆನ್ನಾಗಿರುವುದಿಲ್ಲವಲ್ಲ. ಅದರ ಬದಲು ತಮ್ಮ ಅತ್ತೆಯಿಂದ ಬಟ್ಟಿ ತೆಗೆಯುವುದನ್ನು ಕಲಿತರು. ಬಟ್ಟಿ ಅಂದರೇನು ಎಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹೊಕ್ಕುಳ ಮೇಲೆ ಹೆಬ್ಬೆರಳು ಊರಿದರೆ ಒಳಗೆ ಒಂದು ಬಡಿತ ಸಿಗುತ್ತದೆ. ಭಾರ ಎತ್ತಿದರೆ, ಬಸ್ಸಿನಿಂದ ಎಗರಿ ಇಳಿದರೆ, ಗದ್ದೆ ಬದುವಿನಲ್ಲಿ ಕಾಲು ತಪ್ಪಿದರೆ ಆ ಬಡಿತ ಜಾಗ ಬಿಟ್ಟು ಪಕ್ಕಕ್ಕೆ ಸರಿಯುತ್ತದಂತೆ. ಆಗ ಹೊಟ್ಟೆ ನುಲಿಯುತ್ತದೆ, ವಾಂತಿ ಬಂದಂತಾಗುತ್ತದೆ, ಅನ್ನ ಸೇರುವುದಿಲ್ಲ. ಬಟ್ಟಿ ಬಿದ್ದಿದೆ ಎನ್ನುವುದು ಇದಕ್ಕೇ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಮಲಗಿಸಿ, ಬೆಚ್ಚಗಿನ ಹರಳೆಣ್ಣೆ ಹಚ್ಚಿ, ಸರಿದಿದ್ದನ್ನು ಉಜ್ಜಿ ಉಜ್ಜಿ ನಡುವಿಗೆ ತರಬೇಕು. ಆಮೇಲೆ ಹೊಕ್ಕುಳ ಮೇಲೆ ವೀಳ್ಯದೆಲೆ ಇಟ್ಟು, ಅದರ ಮೇಲೆ ಪುಟ್ಟ ದೀಪ ಹಚ್ಚಿ, ಚೊಂಬು ಬೋರಲು ಹಾಕಿದರೆ ಚೊಂಬು ಹೊಟ್ಟೆಯನ್ನು ಕಚ್ಚಿ ಹಿಡಿಯುತ್ತದೆ. ಅದು ತಾನಾಗಿ ಬಿಟ್ಟುಕೊಂಡಾಗ ಬಟ್ಟಿ ಕೂತಿತು ಎಂದು ಲೆಕ್ಕ.

ನಮ್ಮತ್ತೆ ಕೈ ಇಟ್ಟರೆ ಕೂರದ ಬಟ್ಟಿಯಿಲ್ಲ ಎಂದು ಹೆಸರಾಯಿತು. ಬಂಗಾರಪೇಟೆಯಿಂದ ಬರುತ್ತಿದ್ದರು, ಕೆ.ಜಿ.ಎಫ್. ಕಾರ್ಖಾನೆಯಲ್ಲಿ ಕೆಲಸಕ್ಕಿರುವ ಮಂಡ್ಯ ಕಡೆಯವರೂ ಬೈಕಿನಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಬರುತ್ತಿದ್ದರು. ದುಡ್ಡು ಮುಟ್ಟುತ್ತಿರಲಿಲ್ಲ. ಮುಟ್ಟಿದರೆ ಕೈಗುಣ ಹೋಗುತ್ತದಂತೆ. ಹೆಚ್ಚಿನವರಿಗೆ ವಾಸಿಯೂ ಆಗುತ್ತಿತ್ತು. ಹೊಟ್ಟೆನೋವು ಎನ್ನುವುದೇ ಅಂಥದು, ಮುಕ್ಕಾಲು ಪಾಲು ತಾನಾಗಿ ಬಂದು ತಾನಾಗಿ ಹೋಗುತ್ತದೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿ ಹೆಸರು ಮಾತ್ರ ನಮ್ಮತ್ತೆಯದಾಗುತ್ತಿತ್ತು. ಇದನ್ನು ಈಗ ಹೇಳುತ್ತಿದ್ದೇನೆ. ಆಗ ನಾನೂ ಹಾಗೆ ಯೋಚನೆ ಮಾಡಿದವಳಲ್ಲ.

ನಾನು ಕವಿತ. ಅವರ ಒಬ್ಬನೇ ಮಗ ಮುನೀಂದ್ರನ ಹೆಂಡತಿ. ಮುನೀಂದ್ರ ಬಂಗಾರಪೇಟೆಯಲ್ಲಿ ಬೆಳಗಿನ ರೈಲು ಹತ್ತಿ ವೈಟ್‌ಫೀಲ್ಡಿಗೆ ಹೋಗಿ ಒಂದು ಕಂಪನಿಯಲ್ಲಿ ಎಲೆಕ್ಟ್ರಿಕಲ್ ಕೆಲಸ ಮಾಡಿ ರಾತ್ರಿ ಬರುತ್ತಾನೆ. ಮಾವ ಮುನಿಸ್ವಾಮಪ್ಪನವರು ಡೈರಿಗೆ ಹಾಲು ಹಾಕುವುದು, ಟೊಮೇಟೊ ತೋಟ ನೋಡುವುದು. ನಾನು ಹಸು ಕರೆದು, ಉಳಿದ ಹೊತ್ತಿನಲ್ಲಿ ಊರಿನ ಹೆಂಗಸರ ರವಿಕೆ ಹೊಲಿಯುತ್ತೇನೆ. ಮದುವೆಯಾಗಿ ಮೂರು ವರ್ಷವಾದರೂ ಮಕ್ಕಳಿರಲಿಲ್ಲ. ಅದೊಂದು ಕೊರಗು ನಮ್ಮತ್ತೆಗೆ ನನಗಿಂತ ಹೆಚ್ಚಿತ್ತು. ಹರಕೆ ಹೊರದ ದೇವರು ಉಳಿದಿರಲಿಲ್ಲ. ಆದರೆ ನನ್ನನ್ನು ಒಂದು ದಿನವೂ ಚುಚ್ಚಿ ಆಡಿದವರಲ್ಲ. ಊರವರು ಯಾರಾದರೂ "ಏನ್ ಅಶ್ವತ್ಥಕ್ಕ, ಸೊಸೆ ಇನ್ನೂ ಅಂಗೇ ಅವ್ಳಾ?" ಎಂದರೆ, "ನಿನ್ ಮನೇಗ್ ಬಂದು ಅನ್ನ ಕೇಳಿದ್ಲಾ? ಓಗಮ್ಮ ಸಾಕು" ಎಂದು ಬಾಯಿ ಮುಚ್ಚಿಸುತ್ತಿದ್ದರು. ಇದನ್ನು ಹೇಳದೆ ಮುಂದಿನದನ್ನು ಹೇಳಿದರೆ ಅವರಿಗೆ ಮೋಸ ಮಾಡಿದಂತೆ.

ಅವರು ತೆಗೆದ ಕೊನೆಯ ಬಟ್ಟಿ ನನ್ನದು.

ಹೋದ ವರ್ಷ ಒಂದು ಬೆಳಿಗ್ಗೆ ಹಾಲು ಕರೆಯುವಾಗ ಹೊಕ್ಕುಳ ಸುತ್ತ ನೋವು ಶುರುವಾಯಿತು. ತಿಂದಿದ್ದು ಆಗಿಬಂದಿಲ್ಲ ಎಂದುಕೊಂಡೆ. ತಿಂಡಿ ಬೇಡವಾಯಿತು, ಎರಡು ಸಲ ವಾಂತಿಯಾಯಿತು. ಸಂಜೆ ಹೊತ್ತಿಗೆ ನೋವು ಹೊಕ್ಕುಳ ಬಿಟ್ಟು ಬಲಗಡೆಗೆ, ಕೆಳಕ್ಕೆ ಇಳಿದು, ಅಲ್ಲೇ ಕೂತುಬಿಟ್ಟಿತು. ನೆಟ್ಟಗೆ ನಿಲ್ಲಲು ಆಗುತ್ತಿರಲಿಲ್ಲ. ಕೆಮ್ಮಿದರೆ ಅಲ್ಲಿಗೇ ಹೋಗಿ ಬಡಿಯುತ್ತಿತ್ತು. ಒತ್ತಿದರೆ ನೋವು, ಒತ್ತಿದ ಬೆರಳು ತೆಗೆದರೆ ಇನ್ನೂ ನೋವು. ಈ ಒಂದೊಂದಕ್ಕೂ ಅರ್ಥವಿದೆ, ನೋವು ಜಾಗ ಬದಲಿಸಿದ್ದಕ್ಕೇ ಒಂದು ಅರ್ಥವಿದೆ ಎಂದು ಆಮೇಲೆ ಡಾಕ್ಟರು ಹೇಳಿದರು. ನಮ್ಮ ಮನೆಯಲ್ಲೂ ಅದಕ್ಕೆ ಒಂದು ಅರ್ಥವಿತ್ತು. ಬಟ್ಟಿ ಬಲಕ್ಕೆ ಸರಿದಿದೆ.

"ಮೊನ್ನೆ ಉಲ್ಲಿನ್ ಒರೆ ಎತ್ಕಂಡ್ ಬಂದ್ಯಲ್ಲ, ಆಗ್ಲೇ ಬಿದ್ದೈತೆ. ಬೆಳಿಗ್ಗೆ ತೆಗೀತೀನಿ, ಮಲಕ್ಕೊ" ಎಂದರು ಅತ್ತೆ. ಮುನೀಂದ್ರ ಬಂಗಾರಪೇಟೆಯಿಂದ ನೋವಿನ ಮಾತ್ರೆ ತಂದಿದ್ದ. "ಆಸ್ಪತ್ರೆಗೆ ಓಗಾಣ ಅಂದ್ರೆ ಈಗ್ಲೇ ಓಗಾಣ" ಎಂದು ಒಂದು ಸಲ ಕೇಳಿದ. ಮನೆಯಲ್ಲೇ ಆಸ್ಪತ್ರೆ ಇರುವಾಗ ಹೊರಗೆ ಹೋಗುವುದು ಹೇಗೆ? ಊರೂರಿನಿಂದ ಜನ ಹುಡುಕಿಕೊಂಡು ಬರುವ ಕೈ ಅದು. ಸ್ವಂತ ಸೊಸೆಯೇ ಆ ಕೈ ಬಿಟ್ಟು ಡಾಕ್ಟರ ಹತ್ತಿರ ಹೋದಳು ಎಂದರೆ ನಾಳೆ ಊರಿಗೆ ಏನು ಹೇಳುವುದು? ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಬೆಳಿಗ್ಗೆ ಚಾಪೆ ಹಾಸಿ ಮಲಗಿಸಿದರು. ಉಜ್ಜಿದರು. ನಾನು ಕೂಗಿಕೊಂಡೆ. ಎಲ್ಲರೂ ಕೂಗಿಕೊಳ್ಳುವವರೇ, ಅದಕ್ಕೆ ಅತ್ತೆ ನಿಲ್ಲಿಸುವವರಲ್ಲ. "ಒಸಿ ತಡ್ಕೊ ಮಗ, ಬಂತು ಬಂತು" ಎನ್ನುತ್ತಲೇ ಇದ್ದರು. ಅವರ ಹಣೆಯ ಬೆವರು ನನ್ನ ಹೊಟ್ಟೆ ಮೇಲೆ ಬೀಳುತ್ತಿತ್ತು. ಚೊಂಬು ಹಾಕಿದರು. ಬಿಟ್ಟಿತು. ಸೊಂಟಕ್ಕೆ ಬಟ್ಟೆ ಬಿಗಿದು ಮಲಗಿಸಿದರು. ಮಧ್ಯಾಹ್ನದವರೆಗೂ ನೋವು ಹಾಗೇ ಇತ್ತು, ಹೆಚ್ಚೇ ಆಗಿತ್ತು. ಸಂಜೆ ಹಸು ಕರೆಯುವ ಹೊತ್ತಿಗೆ ಒಳಗೆ ಏನೋ ಸಡಿಲವಾದಂತಾಗಿ, ನೋವು ನಿಂತೇಹೋಯಿತು.

ನಿಂತೇಹೋಯಿತು ಎಂದರೆ ಎದ್ದು ಕೂತೆ. ಮೆಣಸಿನ ಸಾರಿನಲ್ಲಿ ಅನ್ನ ಕಲಸಿಕೊಂಡು ತಿಂದೆ. ನಮ್ಮತ್ತೆ ದೃಷ್ಟಿ ತೆಗೆದು, ಮಗನಿಗೆ ಫೋನ್ ಮಾಡಿ, "ಆಸ್ಪತ್ರೆ ಆಸ್ಪತ್ರೆ ಅಂತಿದ್ಯಲ್ಲಾ, ನೋಡು ಬಾ ನಿನ್ನೆಂಡ್ತೀನ" ಎಂದರು. ಬೀದಿಯ ಹೆಂಗಸರು ಬಂದು ನೋಡಿಕೊಂಡು ಹೋದರು. ನನಗೂ ಖುಷಿಯಾಗಿತ್ತು, ಅವರ ಮಾನ ಉಳಿಯಿತಲ್ಲ ಎಂದು. ನನ್ನ ಜೀವನದಲ್ಲಿ ಅಷ್ಟು ಅಪಾಯದ ಸಂಜೆ ಇನ್ನೊಂದಿಲ್ಲ ಎಂದು ಆ ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಮಾರನೇ ದಿನ ಚಳಿ ಬಂತು, ಚಳಿಯ ಹಿಂದೆ ಜ್ವರ. ಹೊಟ್ಟೆ ಉಬ್ಬಿ, ಮಣೆಯಂತೆ ಗಟ್ಟಿಯಾಗಿತ್ತು. ಈಗ ನೋವು ಬಲಗಡೆ ಅಂತಿಲ್ಲ, ಹೊಟ್ಟೆಯೆಲ್ಲ ಅದೇ. ಮಾವ ಮುನೀಂದ್ರನಿಗೆ ಫೋನ್ ಮಾಡಿದಾಗ ಅವನು ಇನ್ನೂ ಬಂಗಾರಪೇಟೆ ಸ್ಟೇಷನ್ನಿನಲ್ಲಿದ್ದ. ಊರಿನ ಚಲಪತಿಯ ಆಟೋದಲ್ಲಿ ಮಾವ ಮುಂದೆ ಕೂತರು, ಅತ್ತೆ ಹಿಂದೆ ನನ್ನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹೊರಟರು. ಪ್ರತಿ ಹಳ್ಳಕ್ಕೂ ಹೊಟ್ಟೆ ಹರಿದಂತಾಗುತ್ತಿತ್ತು. ಬಂಗಾರಪೇಟೆಯ ಕ್ಲಿನಿಕ್ಕಿನಲ್ಲಿ ಡಾಕ್ಟರಮ್ಮ ಹೊಟ್ಟೆಗೆ ಎರಡು ಬೆರಳು ಇಟ್ಟವರೇ, "ಇಲ್ಲಿ ನಿಲ್ಲಬೇಡಿ, ಆಪರೇಷನ್ ಆಗೋ ಕಡೆ ಹೋಗಿ" ಎಂದರು. ಮುನೀಂದ್ರ ಅಲ್ಲೇ ಆಟೋ ಹತ್ತಿಕೊಂಡ. ದಾರಿಯಲ್ಲಿ ಅತ್ತೆ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕುಡಿಸಿದರು. ಬರಿಹೊಟ್ಟೆಯಲ್ಲಿ ಯಾರನ್ನೂ ಹೊಸಿಲು ದಾಟಿಸುವವರಲ್ಲ ನಾವು.

ರಾಬರ್ಟ್‌ಸನ್‌ಪೇಟೆಯ ನರ್ಸಿಂಗ್ ಹೋಮಿನಲ್ಲಿ ಡಾಕ್ಟರ್ ಸುಬ್ರಮಣಿ ಅಂತ. ಕೆ.ಜಿ.ಎಫ್.ನವರೇ, ಕನ್ನಡ ಅರ್ಧ ತಮಿಳು ಅರ್ಧ ಮಾತಾಡುವವರು. ರಕ್ತ, ಮೂತ್ರ, ಸ್ಕ್ಯಾನಿಂಗ್ ಎಲ್ಲ ಆಯಿತು. ಕೊನೆಯಲ್ಲಿ ಏನು ತಿಂದಿದ್ದು, ಯಾವಾಗ ಎಂದು ಕೇಳಿದರು. ಈಗಷ್ಟೇ ಕಾಫಿ ಎಂದಾಗ ಹಣೆ ಚಚ್ಚಿಕೊಂಡರು. ಹೊಟ್ಟೆಯಲ್ಲಿ ಏನಾದರೂ ಇರುವಾಗ ಆಪರೇಷನ್ನಿಗೆ ಪ್ರಜ್ಞೆ ತಪ್ಪಿಸಿದರೆ ಅದು ಮೇಲೆ ಬಂದು ಶ್ವಾಸಕ್ಕೆ ಸೇರಬಹುದಂತೆ. ಮೂಗಿನಲ್ಲಿ ನಳಿಗೆ ಇಳಿಸಿ ಆ ಕಾಫಿಯನ್ನೆಲ್ಲ ಹೊರಗೆ ತೆಗೆದರು. ಆಮೇಲೆ ಕೇಳಿದರು, "ನೋವು ನಡುವೆ ಒಂದ್ಸಲ ನಿಂತ್ತಾ?"

ನಾನು ಹೇಳುವ ಮೊದಲೇ ನಮ್ಮತ್ತೆ ಮುಂದೆ ಬಂದರು. "ನಿಂತ್ತು ಡಾಕ್ಟ್ರೇ. ನಿನ್ನೆ ಸಂಜೆ. ನಾನೇ ಬಟ್ಟಿ ತೆಗ್ದೆ." ಅವರ ದನಿಯಲ್ಲಿ ಹೆಮ್ಮೆಯಿತ್ತು. ಇವತ್ತಿನ ಜ್ವರ ಬೇರೆ ಯಾವುದೋ, ನಿನ್ನೆಯ ಕೆಲಸ ತಮ್ಮದು ಎಂದು ಅವರ ಲೆಕ್ಕ.

ಡಾಕ್ಟರು ಅವರ ಕಡೆ ತಿರುಗಿದರು. ಬಯ್ಯುತ್ತಾರೆ ಎಂದುಕೊಂಡೆ. ಬಯ್ಯಲಿಲ್ಲ. ತಮಿಳರು ಅಜ್ಜಿಯನ್ನು ಕರೆಯುವಂತೆ ಕರೆದು ಹೇಳಿದರು, "ಪಾಟಿ, ಕುರು ಆಗಿರುತ್ತಲ್ಲ, ಅದು ಒಡೆದ್ರೆ ನೋವು ಕಮ್ಮಿ ಆಗಲ್ವಾ? ಹಂಗೆ. ಅಪೆಂಡಿಕ್ಸ್ ಅಂತ ಕರುಳಿಗೆ ಅಂಟ್ಕೊಂಡು ಬೆರಳಷ್ಟು ಬಾಲ ಇರುತ್ತೆ. ಅದು ಊದ್ಕೊಂಡು ಕೀವಾಗಿತ್ತು. ನಿನ್ನೆ ಸಂಜೆ ಒಡೀತು. ನೋವು ಹೋಗ್ಲಿಲ್ಲ, ಕೀವು ಹೊಟ್ಟೆಯೆಲ್ಲಾ ಹೋಯ್ತು."

"ನಾನ್ ಉಜ್ಜಿದ್ದುಕ್ಕಾ?"

"ಅದಕ್ಕೇ ಒಡೀತೋ, ತಾನಾಗೇ ಒಡೀತಿತ್ತೋ, ಯಾರೂ ಹೇಳಕ್ಕಾಗಲ್ಲ. ಆದ್ರೆ ಹೊಟ್ಟೆ ನೋಯ್ತಾ ಇರೋವಾಗ ಉಜ್ಜಬಾರ್ದು, ಹರಳೆಣ್ಣೆ ಕುಡಿಸಬಾರ್ದು, ಬರೀ ನೋವಿನ ಮಾತ್ರೆ ಕೊಟ್ಟು ಕಾಯಬಾರ್ದು. ಮೊದಲ್ನೇ ದಿನ ಬಂದಿದ್ರೆ ಸಣ್ಣ ತೂತು ಹಾಕಿ ತೆಗೆದು ಬೇಗ ಮನೆಗೆ ಕಳಿಸ್ತಿದ್ದೆ. ಈಗ ದೊಡ್ಡದಾಗಿ ಕೊಯ್ದು ಹೊಟ್ಟೆ ತೊಳೀಬೇಕು."

ನಮ್ಮತ್ತೆ ತಮ್ಮ ಕೈಯನ್ನು ಒಂದು ಸಲ ನೋಡಿಕೊಂಡು ಸೆರಗಿನೊಳಗೆ ಹಾಕಿಕೊಂಡರು. ಔಷಧಿ ತರಲು ಮಾವನ ಜೊತೆ ಅವರನ್ನು ಹೊರಗೆ ಕಳಿಸಿ ಡಾಕ್ಟರು ಬಾಗಿಲು ಹಾಕಿದರು. ನನಗೂ ಮುನೀಂದ್ರನಿಗೂ ಎರಡನೇ ವಿಷಯ ಹೇಳಿದರು. ಮೂತ್ರದ ಪರೀಕ್ಷೆಯಲ್ಲಿ ಗೊತ್ತಾಗಿದೆ, ಸ್ಕ್ಯಾನಿಂಗಿನಲ್ಲೂ ಕಾಣುತ್ತಿದೆ. ನಾನು ಬಸುರಿ. ಎರಡು ತಿಂಗಳ ಹತ್ತಿರ.

ನನಗೆ ಗೊತ್ತಿರಲಿಲ್ಲ. ನನ್ನ ತಿಂಗಳು ಯಾವತ್ತೂ ಸರಿಯಾಗಿ ಬಂದಿದ್ದಲ್ಲ, ಎರಡು ಮೂರು ತಿಂಗಳು ತಡವಾಗುವುದು ಹೊಸದೇನೂ ಆಗಿರಲಿಲ್ಲ. ಮುನೀಂದ್ರ ಗೋಡೆಗೆ ಒರಗಿಕೊಂಡ. ಡಾಕ್ಟರು ಮಾತು ಮುಚ್ಚಿಡಲಿಲ್ಲ. "ಆಪರೇಷನ್ ಮಾಡದಿದ್ರೆ ತಾಯೀನೂ ಉಳಿಯಲ್ಲ. ಮಾಡಿದ್ರೆ ಮಗು ನಿಲ್ಲಬಹುದು, ನಿಲ್ಲದೇ ಇರಬಹುದು. ಹೊಟ್ಟೆ ತುಂಬಾ ಕೀವಿದೆ, ನಿಲ್ಲೋದು ಕಷ್ಟ." ನಾನು ತಲೆಯಾಡಿಸಿದೆ. ಯಾರದೋ ಮನೆಯ ಸುದ್ದಿ ಕೇಳಿದಂತಿತ್ತು. ಮೂರು ವರ್ಷ ಕಾದಿದ್ದ ಮಾತು ಕಿವಿಗೆ ಬಿದ್ದ ಗಳಿಗೆಯಲ್ಲೇ ನನ್ನನ್ನು ಗಾಲಿಮಂಚದ ಮೇಲೆ ತಳ್ಳಿಕೊಂಡು ಹೋಗುತ್ತಿದ್ದರು.

ಎಚ್ಚರವಾದಾಗ ಹೊಟ್ಟೆಯ ಪಕ್ಕದಿಂದ ಒಂದು ನಳಿಗೆ ಹೊರಗೆ ಬಂದು ಚೀಲಕ್ಕೆ ಸೇರಿತ್ತು. ಅದರಲ್ಲಿ ಕೊಳಕು ನೀರು ಇಳಿಯುತ್ತಿತ್ತು. ಮೂಗಿನ ನಳಿಗೆ ಇನ್ನೂ ಹಾಗೇ ಇತ್ತು. ಅತ್ತೆ ಸ್ಟೂಲಿನ ಮೇಲೆ ಕೂತು ನನ್ನ ಕಾಲು ಹಿಡಿದುಕೊಂಡಿದ್ದರು. ಹೊಟ್ಟೆಯ ಹತ್ತಿರಕ್ಕೆ ಬರುತ್ತಿರಲಿಲ್ಲ.

ನಾಲ್ಕನೇ ದಿನ ಮಗು ಹೋಯಿತು. ಹಾಗೆ ಹೇಳಿದರೆ ದೊಡ್ಡದಾಗಿ ಕೇಳಿಸುತ್ತದೆ. ಬೆಳಿಗ್ಗೆ ಸೊಂಟ ನೋವು, ಆಮೇಲೆ ರಕ್ತ. ನರ್ಸು ಪರದೆ ಎಳೆದರು. ಡಾಕ್ಟರಮ್ಮ ಒಬ್ಬರು ಬಂದು ನೋಡಿ, "ಪೂರ್ತಿ ಹೋಗಿದೆ, ಒಳಗೇನೂ ಉಳಿದಿಲ್ಲ, ಮುಂದೆ ಮಕ್ಕಳಾಗೋಕೆ ತೊಂದರೆಯಿಲ್ಲ ಅನ್ಸುತ್ತೆ" ಎಂದರು. ನಾನು ಸರಿ ಎಂದೆ. ಎಲ್ಲದಕ್ಕೂ ಸರಿ ಎಂದೆ. ಮುನೀಂದ್ರ ಹೊರಗೆ ಹೋಗಿ ಅತ್ತು ಮುಖ ತೊಳೆದುಕೊಂಡು ಬಂದ. ನನಗೆ ಅಳು ಬರಲಿಲ್ಲ. ಬರುತ್ತದೆ ಎಂದು ಕಾದೆ, ಬರಲಿಲ್ಲ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಿದೆ. "ಅತ್ತಮ್ಮಂಗೆ ಗೊತ್ತಾಗಬಾರ್ದು." ಮುನೀಂದ್ರ ಕೈ ಮೇಲೆ ಕೈ ಇಟ್ಟು ಮಾತು ಕೊಟ್ಟ. ನರ್ಸಿಗೂ ಹೇಳಿದೆ. ಮೊಮ್ಮಗುವಿಗಾಗಿ ಬೆಟ್ಟಗುಡ್ಡ ಹತ್ತಿದ ಹೆಂಗಸು. ತಾನು ಉಜ್ಜಿದ ಹೊಟ್ಟೆಯಲ್ಲಿ ಅದು ಇತ್ತು ಎಂದು ತಿಳಿದರೆ ಬಾವಿ ನೋಡಿಕೊಳ್ಳುತ್ತಾರೆ, ಇಲ್ಲವೇ ಬದುಕಿದ್ದೂ ಸತ್ತಂತೆ ಇರುತ್ತಾರೆ. ಇದು ನನ್ನ ದೊಡ್ಡ ಮನಸ್ಸು ಎಂದೇನೂ ತಿಳಿಯಬೇಡಿ. ಅವರ ಗೋಳನ್ನು ಕೇಳುವ ಶಕ್ತಿ ನನಗಿರಲಿಲ್ಲ, ಅಷ್ಟೇ. ಬಟ್ಟೆ ಬದಲಾಯಿಸುವಾಗ ಅತ್ತೆ ಒಳಗೆ ಬಂದರು. "ತಿಂಗಳಿಂದು ಬಂತು ಅತ್ತಮ್ಮ" ಎಂದೆ. "ಆಪರೇಸನ್ ಆದ್ರೆ ಅಂಗೇ, ಎಚ್ಚುಕಮ್ಮಿ ಆಯ್ತದೆ" ಎಂದು ಬಟ್ಟೆಗಳನ್ನು ಬಕೆಟ್ಟಿಗೆ ಹಾಕಿಕೊಂಡು ಹೋದರು.

ಆಮೇಲಿನ ದಿನಗಳು ಒಂದರ ಮೇಲೊಂದು ಬಿದ್ದವು. ಬೆಳಿಗ್ಗೆ ಎದ್ದರೆ ನರ್ಸು ಕೇಳುತ್ತಿದ್ದುದು ಒಂದೇ, "ಗಾಳಿ ಹೋಯ್ತಾ?" ಕರುಳು ಮತ್ತೆ ಕೆಲಸ ಶುರುಮಾಡಿದೆ ಎನ್ನುವುದಕ್ಕೆ ಅದೇ ಗುರುತು, ಅಲ್ಲಿಯವರೆಗೆ ಬಾಯಿಗೆ ಏನೂ ಇಲ್ಲ. ಮಾವನ ಎದುರು ಇದನ್ನು ಹೇಗೆ ಹೇಳುವುದು? ನರ್ಸು ಬಾಗಿಲಿಗೆ ಬಂದರೆ ಸಾಕು, ಅವರು ಟೀ ಕುಡಿಯುವ ನೆಪ ಮಾಡಿ ಎದ್ದುಹೋಗುತ್ತಿದ್ದರು. ಗಾಳಿ ಹೋದ ದಿನ ಇಡೀ ವಾರ್ಡಿಗೇ ಖುಷಿ, ಪಕ್ಕದ ಹಾಸಿಗೆಯ ತಮಿಳು ಅಜ್ಜಿ ಕೈತಟ್ಟಿದರು. ಮೊದಲು ನೀರು, ಆಮೇಲೆ ಗಂಜಿ. ಅತ್ತೆಗೆ ನೀರಿನ ಭಯ. ನೀರು ಕುಡಿದರೆ ಹೊಲಿಗೆ ಕೀವಾಗುತ್ತದೆ ಎಂದು ಲೋಟ ಬಚ್ಚಿಡುತ್ತಿದ್ದರು. ನರ್ಸು ಗದರಿದ ಮೇಲೆ ಗಳಿಗೆಗೊಂದು ಸಲ ತಾವೇ ಕುಡಿಸತೊಡಗಿದರು. ಹೇಳಿದ್ದನ್ನು ಹೇಳಿದಂತೆ ಮಾಡುವ ಹೆಂಗಸಾಗಿಬಿಟ್ಟಿದ್ದರು.

ಕೆಮ್ಮುವಾಗ ದಿಂಬನ್ನು ಹೊಟ್ಟೆಗೆ ಅಪ್ಪಿ ಹಿಡಿಯಬೇಕು. ಏಳುವಾಗ ನೆಟ್ಟಗೆ ಏಳದೆ ಪಕ್ಕಕ್ಕೆ ಹೊರಳಿ ಏಳಬೇಕು. ನೋವಾದರೂ ನಡೆಯಬೇಕು, ಮಲಗೇ ಇದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ನಾನು ಚೀಲ ಹಿಡಿದುಕೊಂಡು ವರಾಂಡದಲ್ಲಿ ನಡೆಯುತ್ತಿದ್ದೆ, ಅತ್ತೆ ಹಿಂದೆ ಬರುತ್ತಿದ್ದರು. ಯಾವುದಕ್ಕೂ ಮನಸ್ಸು ಇರಲಿಲ್ಲ. ನಡಿ ಎಂದರೆ ನಡೆದೆ, ತಿನ್ನು ಎಂದರೆ ತಿಂದೆ. ನಳಿಗೆ ತೆಗೆದು ಮನೆಗೆ ಕಳಿಸುವಾಗ ಡಾಕ್ಟರು, "ಮತ್ತೆ ಜ್ವರ ಬಂದ್ರೆ, ಗಾಯ ಕೆಂಪಾಗಿ ನೀರು ಬಿಟ್ರೆ, ವಾಂತಿ ನಿಲ್ಲದಿದ್ರೆ ಕಾಯಬೇಡಿ, ಆಟೋ ಹತ್ತಿ ಬನ್ನಿ. ಭಾರ ಎತ್ತಬೇಡಿ. ಗಾಯದ ಸುತ್ತ ಚರ್ಮ ಮರಗಟ್ಟಿದ ಹಾಗೆ ಇರುತ್ತೆ, ಭಯ ಬೇಡ, ನಿಧಾನಕ್ಕೆ ಸರಿ ಹೋಗುತ್ತೆ" ಎಂದರು. ಚರ್ಮ ಒಂದೇ ಆಗಿದ್ದರೆ ಚೆನ್ನಾಗಿತ್ತು.

ಮನೆಗೆ ಬಂದ ಮೇಲೆ ನಮ್ಮತ್ತೆ ನನಗೆ ಒಂದು ತಂಬಿಗೆ ನೀರನ್ನೂ ಎತ್ತಲು ಬಿಡಲಿಲ್ಲ. ಹಸು ಕರೆಯುವುದು, ಸಗಣಿ ಬಾಚುವುದು, ಹುಲ್ಲು ತರುವುದು ಎಲ್ಲ ಅವರೇ. ಹೊಲಿಗೆ ಮಿಷಿನ್ನಿನ ಮುಂದೆ ಕೂತರೂ ಗದರುತ್ತಿದ್ದರು. ಬಟ್ಟಿ ತೆಗೆಸಲು ಬಂದವರನ್ನು ಮಾತ್ರ ಹೊಸಿಲಿಂದಲೇ ವಾಪಸ್ಸು ಕಳಿಸುತ್ತಿದ್ದರು. "ಮಣಿಕಟ್ಟು ಬಿದ್ದೋಗೈತೆ ಕಣಮ್ಮ, ಕೈಯಾಗ್ ಶಕ್ತಿ ಇಲ್ಲ. ಡಾಕ್ಟ್ರತ್ರ ಓಗಿ." ಅದೇ ಮಣಿಕಟ್ಟಿನಲ್ಲಿ ತುಂಬಿದ ಹಾಲಿನ ಕ್ಯಾನು ಎತ್ತಿ ಗಾಡಿಗೆ ಇಡುವುದನ್ನು ಬೀದಿಯೆಲ್ಲ ನೋಡುತ್ತಿತ್ತು. "ಅಶ್ವತ್ಥಮ್ಮಂಗೆ ಕೊಬ್ಬು ಬಂದೈತೆ" ಎಂದರು ಜನ. ನನ್ನ ಅಪೆಂಡಿಕ್ಸ್ ಒಡೆದದ್ದಕ್ಕೆ ಹೆದರಿದ್ದಾರೆ ಎಂದು ನಾನು ತಿಳಿದೆ. ಅಷ್ಟಕ್ಕೇ ಹೀಗಾದರು, ಪೂರ್ತಿ ಗೊತ್ತಾಗಿದ್ದರೆ ಏನಾಗುತ್ತಿದ್ದರೋ ಎಂದು ಒಳಗೊಳಗೇ ಸಮಾಧಾನ ಮಾಡಿಕೊಂಡೆ. ಅವರೂ ಮೊದಲಿನಂತೆ ಜಗಳಕ್ಕೆ ನಿಲ್ಲುತ್ತಿರಲಿಲ್ಲ, ಹರಕೆಯ ಮಾತು ಎತ್ತುತ್ತಿರಲಿಲ್ಲ. ನಾವಿಬ್ಬರೂ ಒಂದೇ ಮನೆಯಲ್ಲಿ ಸದ್ದಿಲ್ಲದೆ ಓಡಾಡಿಕೊಂಡಿದ್ದೆವು.

ಹೀಗೇ ವರ್ಷ ಕಳೆಯುತ್ತ ಬಂತು. ಹೋದ ತಿಂಗಳು ಒಂದು ಮಧ್ಯಾಹ್ನ ಹಿಂದಿನ ಬೀದಿಯ ಕದಿರಮ್ಮ ಮಗಳು ಲಿಖಿತಳನ್ನು ಕರೆದುಕೊಂಡು ಬಂದಳು. ಲಿಖಿತಳಿಗೆ ಹೊಸದಾಗಿ ಮದುವೆಯಾಗಿತ್ತು, ತವರಿಗೆ ಬಂದಿದ್ದಳು. ಬಲಗಡೆ ಹೊಟ್ಟೆ ಹಿಡಿದುಕೊಂಡು ಬಗ್ಗಿಯೇ ನಡೆಯುತ್ತಿದ್ದಳು. ಅತ್ತೆ ಮಣಿಕಟ್ಟಿನ ಕಥೆ ಶುರುಮಾಡಿದರು. ಕದಿರಮ್ಮ ಬಿಡಲಿಲ್ಲ. "ಬ್ಯಾರೇವ್ರಿಗೇಳು ಆ ಕಥೆಯ. ನನ್ ಮಗಳನ್ನೂ ವಾಪಸ್ ಕಳಿಸ್ತೀಯಾ ಅಶ್ವತ್ಥಕ್ಕ? ಒಂದ್ಸಲ ಕೈಯಾಡ್ಸು, ಸಾಕು" ಎಂದು ಮಗಳನ್ನು ಜಗಲಿಯ ಮೇಲೆ ಮಲಗಿಸಿಯೇಬಿಟ್ಟಳು. ನಾನು ಒಳಗೆ ರವಿಕೆಗೆ ಹುಕ್ಕು ಹಾಕುತ್ತಿದ್ದವಳು ಕೈ ನಿಲ್ಲಿಸಿದೆ. ಮುಟ್ಟಿಬಿಡುತ್ತಾರಾ?

ಮುಟ್ಟಲಿಲ್ಲ. ದೂರದಲ್ಲೇ ಕುಕ್ಕರಗಾಲಲ್ಲಿ ಕೂತರು. "ನೀನು ಕಡೇಲಿ ಒರಗಾಗಿದ್ದು ಯಾವಾಗ ಮಗ?" ಎಂದು ಕೇಳಿದರು.

ನಾನು ಈ ಮನೆಗೆ ಬಂದಾಗಿನಿಂದ ಅವರು ಎಷ್ಟು ಹೊಟ್ಟೆ ಮುಟ್ಟಿದ್ದಾರೋ ಲೆಕ್ಕವಿಲ್ಲ. ಮುಟ್ಟಿನ ಮಾತನ್ನು ಯಾ‍ರನ್ನೂ ಕೇಳಿದ್ದನ್ನು ನಾನು ಕಂಡಿರಲಿಲ್ಲ. ಬಸುರಿಯಾದರೆ ಅವರೇ ಹೇಳುತ್ತಾರೆ, ಹೇಳದಿದ್ದರೂ ಬೆರಳಿಗೆ ಗೊತ್ತಾಗುತ್ತದೆ ಎನ್ನುತ್ತಿದ್ದವರು. ಸೂಜಿ ನನ್ನ ಬೆರಳಿಗೆ ಚುಚ್ಚಿದ್ದು ತಡವಾಗಿ ತಿಳಿಯಿತು.

"ಇದೇನಕ್ಕ, ಒಟ್ಟೆನೋವಿಗೂ ಅದುಕ್ಕೂ ಏನ್ ಸಂಬಂದ?" ಎಂದಳು ಕದಿರಮ್ಮ.

"ಐತೆ. ನೀ ಸುಮ್ಕಿರು. ಏಳು ಮಗ."

"ಈ ತಿಂಗ್ಳು ಆಗಿಲ್ಲ ದೊಡ್ಡಮ್ಮ" ಎಂದಳು ಲಿಖಿತ, ನಾಚಿಕೊಂಡು.

ನಮ್ಮತ್ತೆ ಎದ್ದು ನಿಂತರು. "ಅಂಗಾದ್ರೆ ನಿನ್ ಒಟ್ಟೆ ಯಾರ್ ಕೈಗೂ ಕೊಡಬ್ಯಾಡ. ಕದಿರಿ, ಚಲಪತಿ ಆಟೋ ಕರಿ. ಈಗ್ಲೇ ಓಗಿ. ಕಾಫಿ ಗೀಫಿ ಏನೂ ಕುಡಿಸ್ಬ್ಯಾಡ. ಓಗಿದ್ ತಕ್ಷಣ ತಿಂಗಳು ನಿಂತೈತೆ ಅಂತ ಡಾಕ್ಟ್ರಿಗೆ ಮೊದ್ಲು ಏಳು. ದಾರೀಲಿ ನೋವು ನಿಂತೋದ್ರೂ ವಾಪಸ್ ಬರಬ್ಯಾಡಿ. ನಿಂತೋದ್ರೆ ಇನ್ನೂ ಬಿರ್ರನೆ ಓಗಿ." ಕದಿರಮ್ಮ ಗೊಣಗಿಕೊಂಡೇ ಮಗಳನ್ನು ಎಬ್ಬಿಸಿದಳು. ಆಟೋ ಬಂದು ಅವರು ಹೋಗುವವರೆಗೂ ಅತ್ತೆ ಬೀದಿಯಲ್ಲೇ ನಿಂತಿದ್ದರು.

ಒಳಗೆ ಬಂದಾಗ ನಾನು ಬಾಗಿಲಲ್ಲೇ ಇದ್ದೆ. "ಅದ್ಯಾಕೆ ಕೇಳಿದ್ರಿ ಅತ್ತಮ್ಮ?"

"ನಿನ್ನ ಕೇಳ್ಲಿಲ್ವಲ್ಲ, ಅದುಕ್ಕೆ."

ಕೈಯಲ್ಲಿದ್ದ ರವಿಕೆಯನ್ನು ಕೆಳಗಿಟ್ಟೆ. "ನಿಮಗ್ಯಾರು ಹೇಳಿದ್ದು? ಅವರಾ?"

"ಅವ್ನ್ಯಾಕ್ ಏಳ್ತಾನೆ? ಬಟ್ಟೆ ಒಗ್ದೋಳು ನಾನಲ್ವೇನಮ್ಮ. ಮುಟ್ಟಿನ ಬಟ್ಟೆ ಯಾವ್ದು, ಅದ್ಯಾವ್ದು ಅಂತ ತಿಳಿಯಲ್ವಾ ನಂಗೆ?"

ಅಂದರೆ ಆವತ್ತಿನಿಂದ. ಬಕೆಟ್ಟು ಎತ್ತಿಕೊಂಡು ಹೋದ ಆ ಗಳಿಗೆಯಿಂದ. ನಾನು ಬಚ್ಚಿಟ್ಟೆ ಎಂದುಕೊಂಡಿದ್ದ ಅಷ್ಟೂ ದಿನ ಅವರು ಅದನ್ನು ಹೊತ್ತುಕೊಂಡೇ ಹಸು ಕರೆದಿದ್ದರು, ನನಗೆ ಅನ್ನ ಕಲಸಿ ಕೊಟ್ಟಿದ್ದರು. "ಮತ್ತೆ ಯಾಕೆ ಒಂದ್ಸಲಾನೂ ಬಾಯಿ ಬಿಡ್ಲಿಲ್ಲ?" ಎಂದೆ.

"ನಂಗ್ ಗೊತ್ತಾಗಬಾರ್ದು ಅಂತಿತ್ತು ನಿಂಗೆ. ಅಷ್ಟು ಮಾಡಿದೋಳು ಇದೊಂದಾದ್ರೂ ನೀ ಏಳ್ದಂಗೆ ಇರಾನ ಅಂತ ಇದ್ದೆ." ಅತ್ತೆ ಗೋಡೆ ಹಿಡಿದುಕೊಂಡು ಕೆಳಗೆ ಕೂತರು. "ಆದ್ರೆ ಕಷ್ಟ ಆಯ್ತು ಕಣಮ್ಮ. ಗೊತ್ತಿಲ್ದೋಳು ಎಂಗ್ ಅಳೋದು?"

ಅವರ ಗೋಳು ಕೇಳಲಾರೆ ಎಂದು ನಾನು ಅವರ ಅಳುವನ್ನೇ ಕಿತ್ತುಕೊಂಡಿದ್ದೆ. ನನಗಂತೂ ಅಳು ಬರಲಿಲ್ಲ, ಅವರಿಗೆ ಬಂದಿದ್ದನ್ನೂ ನುಂಗಿಸಿದ್ದೆ. ಆಗ ಎದೆಯಲ್ಲಿ ಇಷ್ಟು ದಿನ ಮರಗಟ್ಟಿದ್ದ ಜಾಗದಲ್ಲಿ ನೋವಾಯಿತು, ಚೆನ್ನಾಗಿಯೇ ಆಯಿತು.

"ಈಗ ಗೊತ್ತಾಯ್ತಲ್ಲ ಅತ್ತಮ್ಮ. ಅಳಿ" ಎಂದೆ.

ಅವರು ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತರು. ನಾನು ಹೋಗಿ ಪಕ್ಕದಲ್ಲಿ ಕೂತೆ.